ಐದು ಮಿಲಿಮೀಟರಿನ ಊರು

ಸಾವಿರದ ಒಂಬೈನೂರ ಎಂಬತ್ತೊಂಬತ್ತರ ನವೆಂಬರಿನಲ್ಲಿ ನಮ್ಮಪ್ಪ ಹಿನ್ರಿಕ್, ಸೆಮೆಸೆ ಎಂಬ ನಾವಿಕನಿಗೆ ಒಂದು ಮಾತು ಕೊಟ್ಟ. ಬಂದರಿನ ಹಡಗು ಕಂಪನಿಯ ಆಫೀಸಿನಲ್ಲಿ ನಿಲ್ಲುವ ಗ್ಲೋಬಿನ ಮೇಲೆ ನಿನ್ನ ಊರು ಇರುವ ಹಾಗೆ ಮಾಡುತ್ತೇನೆ, ನೀನು ದುಡಿಮೆ ಮುಗಿಸಿ ಹೊರಡುವುದರೊಳಗೆ ಮಾಡುತ್ತೇನೆ, ಎಂದು. ನನಗಾಗ ಎಂಟು ವರ್ಷ. ಶಾಲೆ ಬಿಟ್ಟು ಬಂದು ಕಾರ್ಯಾಗಾರದ ಬೆಂಚಿನ ಕೆಳಗೆ ಕೂತು ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದೆ. ಅಪ್ಪ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೆ ಆಮೇಲೆ ಯಾವತ್ತೂ ಇರಲಿಲ್ಲ.

ನಮ್ಮದು ಹ್ಯಾಂಬರ್ಗಿನ ಅಲ್ಟೋನಾದಲ್ಲಿ, ಒಂದು ಹಿತ್ತಲಂಗಳದ ಎರಡು ಕೋಣೆ. ನೆಲದ ಮೇಲೆ ನಿಲ್ಲುವ ದೊಡ್ಡ ಗ್ಲೋಬುಗಳನ್ನು ಮಾಡುತ್ತೇವೆ. ಬೀಚ್ ಮರದ ಮೂರು ಕಾಲು, ಸೊಂಟದ ಎತ್ತರಕ್ಕೆ ಒಂದು ಮರದ ಬಳೆ, ಅದರೊಳಗೆ ಹಿತ್ತಾಳೆ ಕಮಾನು, ಕಮಾನಿನಲ್ಲಿ ಅರವತ್ತು ಸೆಂಟಿಮೀಟರ್ ಅಡ್ಡಳತೆಯ ಗೋಳ. ವಕೀಲರು, ಹಡಗಿನ ದಲ್ಲಾಳಿಗಳು, ಕಾಫಿ ವ್ಯಾಪಾರಿಗಳು ಕೊಳ್ಳುತ್ತಾರೆ. ಅದರಲ್ಲಿ ಯಾರೂ ದಾರಿ ಹುಡುಕುವುದಿಲ್ಲ. ಕಾಯುತ್ತಾ ಕೂತವರ ಕೈಗೊಂದು ಕೆಲಸ ಇರಲಿ ಅಂತ ನಿಲ್ಲಿಸಿರುತ್ತಾರೆ. ಕಾಯುವವರು ಮಾಡುವುದೂ ಒಂದೇ ಕೆಲಸ: ತಮ್ಮ ಊರು ಹುಡುಕಿ ಅದರ ಮೇಲೆ ಬೆರಳಿಡುವುದು. ಹಳೆಯ ಗ್ಲೋಬು ರಿಪೇರಿಗೆ ಬಂದಾಗ ಹ್ಯಾಂಬರ್ಗ್ ಇರಬೇಕಾದ ಕಡೆ ಬಣ್ಣವೂ ಕಾಗದವೂ ಸವೆದು ಬಿಳಿ ಪ್ಲಾಸ್ಟರ್ ಕಾಣುತ್ತಿರುತ್ತದೆ.

ಸೆಮೆಸೆ ಮಾಡಿದ್ದೂ ಅದನ್ನೇ. ಅವನು ಟುವಾಲು ದ್ವೀಪಗಳವನು, ಊರು ಫುನಾಫುಟಿ. ಅಲ್ಲಿಯ ಗಂಡಸರು ಜರ್ಮನಿಯ ಹಡಗುಗಳಲ್ಲಿ ದುಡಿಯುವುದು ಆಗ ಮಾಮೂಲು. ಹನ್ನೊಂದು ವರ್ಷ ದುಡಿದ ಮೇಲೆ ಒಂದು ದಿನ ಲಂಗರಿನ ಹಗ್ಗ ಕಿತ್ತು ಬಡಿದು ಅವನ ಎಡ ಮಂಡಿಚಿಪ್ಪು ಪುಡಿಯಾಯಿತು. ಕಾಗದಪತ್ರಗಳಿಗೆ ಸಹಿ ಹಾಕಲು ಕಂಪನಿಯ ಆಫೀಸಿಗೆ ಹೋದವನು, ಕಾಯುತ್ತಾ, ಗ್ಲೋಬಿನಲ್ಲಿ ತನ್ನ ಊರು ಹುಡುಕಿದ. ಸಿಗಲಿಲ್ಲ. ಗುಮಾಸ್ತರೂ ಎದ್ದು ಬಂದು ಹುಡುಕಿದರು. ಅವರಲ್ಲೊಬ್ಬ, "ಏನಯ್ಯಾ, ಹನ್ನೊಂದು ವರ್ಷ ನಮ್ಮ ಹತ್ರ ಸಂಬಳ ಎಣಿಸಿದ್ಯಲ್ಲ, ಇಲ್ಲದೇ ಇರೋ ಊರಿಂದ ಬಂದಿದ್ಯಾ?" ಅಂದನಂತೆ. ಎಲ್ಲರೂ ನಕ್ಕರಂತೆ, ಸೆಮೆಸೆಯೂ ನಕ್ಕನಂತೆ. ಆಮೇಲೆ ಗ್ಲೋಬಿನ ಕಾಲಿಗೆ ಹೊಡೆದಿದ್ದ ತಗಡಿನ ಮೇಲೆ ನಮ್ಮ ವಿಳಾಸ ಓದಿಕೊಂಡು, ಊರುಗೋಲು ಊರುತ್ತಾ ನೇರ ನಮ್ಮಲ್ಲಿಗೆ ಬಂದ.

ನನ್ನ ಊರು ಯಾಕಿಲ್ಲ ಎಂದು ಅವನು ಕೇಳಿದಾಗ ಅಪ್ಪ ಕಾಗದದ ಚೂರುಪಾರು ಹಾಕುವ ಡಬ್ಬಿಯನ್ನು ಬೆಂಚಿನ ಮೇಲೆ ಬೋರಲು ಹಾಕಿ, ಕೆದಕಿ ಕೆದಕಿ, ಗರಿಕೆ ಎಸಳಿನಷ್ಟು ಸಣ್ಣ ಚೂರೊಂದನ್ನು ಚಿಮಟದಲ್ಲಿ ಎತ್ತಿ ಹಿಡಿದ. ಆ ವಾರವೇ ಕೊಯ್ದು ಎಸೆದಿದ್ದ ಚೂರು. ಅದರಲ್ಲೊಂದು ಚುಕ್ಕೆ, ಪಕ್ಕದಲ್ಲಿ ಇರುವೆ ಸಾಲಿನಂತೆ ಅಂಚಿನುದ್ದಕ್ಕೆ ಇಳಿದಿದ್ದ ಹೆಸರು. ಅಪ್ಪನ ಕಿವಿ ಕೆಂಪಾಗಿತ್ತು.

ನಡೆದಿದ್ದು ಇಷ್ಟು. ಭೂಪಟವನ್ನು ಇಪ್ಪತ್ತನಾಲ್ಕು ಪಟ್ಟಿಗಳಾಗಿ ಅಚ್ಚು ಹಾಕಿರುತ್ತಾರೆ. ಒಂದೊಂದೂ ಕಿತ್ತಳೆ ತೊಳೆಯ ಹಾಗೆ ನಡುವೆ ಅಗಲ, ತುದಿಗಳು ಚೂಪು. ಗಂಜಿ ಅಂಟು ಸವರಿ ಅವನ್ನು ಗೋಳದ ಮೇಲೆ ಒಂದರ ಪಕ್ಕ ಒಂದು ಕೂರಿಸಬೇಕು. ಅಂಟು ಕುಡಿದ ಕಾಗದ ಹಿಗ್ಗುತ್ತದೆ. ಅಚ್ಚಿನವರು ಅದಕ್ಕೆಂದು ಅಳತೆಯಲ್ಲಿ ಬಿಟ್ಟಿರುತ್ತಾರೆ, ನಿಜ. ಆದರೆ ಆ ದಿನದ ಹವೆ, ಅಂಟಿನ ಗಟ್ಟಿ, ಕೈಯ ಒತ್ತು ಯಾರ ಅಳತೆಗೂ ಸಿಗುವುದಿಲ್ಲ. ಪಟ್ಟಿಗೊಂದು ಕೂದಲೆಳೆ ಹೆಚ್ಚಾದರೂ ಸುತ್ತು ಮುಗಿಯುವ ಹೊತ್ತಿಗೆ ಐದಾರು ಮಿಲಿಮೀಟರ್ ಮಿಕ್ಕುತ್ತದೆ. ಅದಕ್ಕೇ ತಾತನ ಕಾಲದಿಂದ ನಮ್ಮಲ್ಲೊಂದು ಕಟ್ಟು: ಮೊದಲು ಹ್ಯಾಂಬರ್ಗ್ ಇರುವ ಪಟ್ಟಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಎರಡೂ ಕಡೆಯಿಂದ ಸಾಗಿ ಪೆಸಿಫಿಕ್ ಸಾಗರದ ನಡುವೆ ಸೇರುವುದು, ಕೊನೆಯ ಪಟ್ಟಿಯಲ್ಲಿ ಮಿಕ್ಕಿದ್ದನ್ನು ಕೊಯ್ದು ಡಬ್ಬಿಗೆ ಹಾಕುವುದು. "ಅಲ್ಲಿ ಬರೀ ನೀರು, ಯಾರು ನೋಡ್ತಾರೆ" ಅನ್ನುವುದು ತಾತನ ಮಾತು, ಆಮೇಲೆ ಅಪ್ಪನ ಮಾತು. ಫುನಾಫುಟಿ ಇರುವುದು ಆ ಕೊನೆಯ ಪಟ್ಟಿಯಲ್ಲೇ, ಬಲ ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ.

ಆಫೀಸಿಗೆ ಬಂದು ಪೆನ್ನಿನಲ್ಲಿ ಚುಕ್ಕೆ ಇಟ್ಟು ಹೆಸರು ಬರೆದುಕೊಡುತ್ತೇನೆ ಅಂದ ಅಪ್ಪ. ಎಲ್ಲಿ ಬರೆಯುತ್ತೀರಿ ಎಂದು ಸೆಮೆಸೆ ಕೇಳಿದ. ಇರಬೇಕಾದ ಜಾಗವೇ ಡಬ್ಬಿಗೆ ಹೋಗಿತ್ತಲ್ಲ, ಅದರ ಪಕ್ಕದಲ್ಲೆಲ್ಲೋ ಬರೆಯಬೇಕು.

"ಬೇಡ ಯಜಮಾನ್ರೇ. ನಾನು ಹಡಗಿನವನು. ಜಾಗ ತಪ್ಪಿ ಬರೆದಿರೋ ಊರಿಗೆ ನಾನು ಹೋಗಲ್ಲ," ಎಂದ.

ಆಗ ಅಪ್ಪ ಆ ಮಾತು ಕೊಟ್ಟದ್ದು. ಮಂಡಿ ಹೋದ ನಾವಿಕನನ್ನು ಮತ್ತೆ ಸಮುದ್ರಕ್ಕೆ ಕರೆಯುವವರಿರಲಿಲ್ಲ. ಒಂದು ತಿಂಗಳೊಳಗೆ ಅವನು ನಮ್ಮಲ್ಲೇ ಕೆಲಸಕ್ಕೆ ಸೇರಿಕೊಂಡ, ನನಗೆ ಸೆಮೆಸೆ ಮಾಮ ಆದ. ಪ್ಲಾಸ್ಟರ್ ಗೋಳ ಎರಕ ಹೊಯ್ದು, ಉಪ್ಪುಕಾಗದದಲ್ಲಿ ತಿಕ್ಕಿ, ಒಳಗೆ ಸೀಸದ ಗುಂಡು ಅಂಟಿಸಿ ತೂಕ ಸರಿದೂಗಿಸುವುದು ಅವನ ಕೆಲಸ. ತೂಕ ತಪ್ಪಿದ ಗೋಳ ಬಿಟ್ಟ ಕೂಡಲೇ ಭಾರದ ಕಡೆ ಹೊರಳಿಕೊಳ್ಳುತ್ತದೆ. ಸೆಮೆಸೆ ಮಾಡಿದ್ದು ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತಿತ್ತು.

ಮಾತು ಮಾತ್ರ ಹಾಗೇ ಉಳಿಯಿತು. ಆ ಕಂಪನಿ ಹೊಸ ಗ್ಲೋಬು ಕೊಳ್ಳಬೇಕಲ್ಲ. ನಮ್ಮ ಸಾಮಾನು ಅರವತ್ತು ವರ್ಷ ಬಾಳುತ್ತದೆ, ಅದೇ ಮುಳುವಾಯಿತು. ಬೇರೆಯವರ ಗ್ಲೋಬುಗಳನ್ನು ಅಪ್ಪ ಹಳೇ ಕಟ್ಟಿನಂತೆಯೇ ಹ್ಯಾಂಬರ್ಗಿನಿಂದ ಶುರುಮಾಡುತ್ತಿದ್ದ, ಅಪ್ಪನ ಕೈಕೆಳಗೆ ನಾನೂ ಅದನ್ನೇ ಕಲಿತೆ. ವರ್ಷಕ್ಕೆ ಏಳೋ ಎಂಟೋ ಫುನಾಫುಟಿಗಳು ಡಬ್ಬಿಗೆ ಹೋಗುತ್ತಿದ್ದವು. ಶುಕ್ರವಾರ ಡಬ್ಬಿ ಖಾಲಿ ಮಾಡುವುದು ಸೆಮೆಸೆಯ ಸರದಿ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಕೊನೆಯ ದಿನಗಳಲ್ಲಿ ಅಪ್ಪ ನನಗೆ ಇದನ್ನು ನೆನಪಿಸಲಿಲ್ಲ. ನೆನಪಿಸುವ ಅಗತ್ಯವಿಲ್ಲ ಅಂದುಕೊಂಡಿರಬೇಕು.

ಕಳೆದ ಚಳಿಗಾಲದ ಶುರುವಿನಲ್ಲಿ ಕಂಪನಿ ಹೊಸ ಕಟ್ಟಡಕ್ಕೆ ಹೋಯಿತು. ಸಾಮಾನು ಸಾಗಿಸುವವರು ಹಳೆಯ ಗ್ಲೋಬನ್ನು ಲಾರಿಯಿಂದ ಕೆಡವಿದರು. ಕಂಪನಿಯ ಟೀಡೆಮಾನ್ ಎಂಬವರು ಫೋನ್ ಮಾಡಿ ಹೊಸದು ಬೇಕು, ಫೆಬ್ರವರಿ ಇಪ್ಪತ್ತಾರಕ್ಕೆ ಬೇಕು ಎಂದರು. ಆ ಮಧ್ಯಾಹ್ನ ಅವರ ನಿರ್ದೇಶಕರ ಸಭೆಯಂತೆ. ಹಳೆಯದರಲ್ಲಿ ಕಾಗದ ಎದ್ದು ಕೈಗೆ ತಾಕುತ್ತಿತ್ತು, ಹೊಸದು ನುಣುಪಾಗಿರಬೇಕು, ಇಲ್ಲದಿದ್ದರೆ ವಾಪಸು ಎಂದು ಕಾಗದದಲ್ಲೂ ಬರೆದು ಕಳಿಸಿದರು. ಸೆಮೆಸೆ ನಿವೃತ್ತನಾಗುವುದು ಇಪ್ಪತ್ತೆಂಟಕ್ಕೆ. ಮಾರ್ಚ್ ಒಂದಕ್ಕೆ ಅವನೂ ಹೆಂಡತಿ ಲೈಸಾಳೂ ಫುನಾಫುಟಿಗೆ ವಿಮಾನ ಹತ್ತುವವರು, ಮತ್ತೆ ಬರುವವರಲ್ಲ.

ಪಟ್ಟಿಗಳು ಉಳಿದಿದ್ದದ್ದು ಒಂದೇ ಗೋಳಕ್ಕಾಗುವಷ್ಟು. ಅಚ್ಚಿನವರು ಮುಂದಿನದು ಬೇಸಿಗೆಗೆ ಎಂದಿದ್ದರು. ನಾನೂ ಸೆಮೆಸೆಯೂ ಎರಡು ದಿನ ಭೂತಗನ್ನಡಿ ಹಿಡಿದು ಒಂದೊಂದು ಅಂಚನ್ನೂ ನೋಡಿದೆವು. ಮಿಕ್ಕಿದ್ದನ್ನು ಎಲ್ಲಾದರೂ ಕೊಯ್ಯಲೇಬೇಕು, ಯಾರ ಊರೂ ಇಲ್ಲದ ಅಂಚು ಬೇಕು. ನಾನು ಇದು ಅಂದರೆ ಅವನು, "ಅಲ್ಲಿ ನಮ್ಮ ಜೊತೆ ಒಬ್ಬ ಅಡಿಗೆಯವನಿದ್ದ, ಅವನದು ಆ ದ್ವೀಪ" ಎನ್ನುವನು. ಇನ್ನೊಂದು ತೋರಿಸಿದರೆ, "ಅಲ್ಲಿ ನನಗೊಬ್ಬ ಸಾಲ ಕೊಡಬೇಕು, ಇರಲಿ ಬಿಡು" ಎನ್ನುವನು. ಕೊನೆಗೆ ಅಟ್ಲಾಂಟಿಕ್ ನಡುವೆ, ಅಜೋರಿಸ್ ದ್ವೀಪಗಳ ಸಂದಿಯಲ್ಲಿ, ಚೂರಿ ನುಸುಳುವಷ್ಟು ಬರಿ ನೀರು ಸಿಕ್ಕಿತು. ಮೊದಲು ಫುನಾಫುಟಿಯ ಪಟ್ಟಿ, ಕೊನೆಗೆ ಅಟ್ಲಾಂಟಿಕ್ ಎಂದು ತೀರ್ಮಾನಿಸಿ, ಗೋಳದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟೆ.

ಅಂಟಿಸುವ ದಿನ ಜನವರಿಯ ಒಂದು ಬುಧವಾರ. ಹಿಂದಿನ ರಾತ್ರಿ ನನ್ನ ಸಣ್ಣ ಮಗಳು ಬೆಂಟೆಗೆ ಕಿವಿನೋವು, ನನಗೆ ನಿದ್ದೆ ಇರಲಿಲ್ಲ. ಬೆಳಿಗ್ಗೆ ಅವಳನ್ನು ನನ್ನ ಗಂಡನ ಅಮ್ಮನ ಮನೆಗೆ ಬಿಟ್ಟು, ದೊಡ್ಡವನನ್ನು ಶಾಲೆಗೆ ಅಟ್ಟಿ, ಕಾರ್ಯಾಗಾರಕ್ಕೆ ಬಂದು ಅಂಟು ಕಾಯಿಸಿದೆ. ಪಟ್ಟಿ ತೆಗೆದೆ, ಸವರಿದೆ, ಕೂರಿಸಿದೆ, ಮೂಳೆಯ ಚಪ್ಪಟೆ ಕಡ್ಡಿಯಿಂದ ನೇವರಿಸಿದೆ. ಎಡಕ್ಕೊಂದು. ಬಲಕ್ಕೊಂದು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಕಣ್ಣೆದುರು ಎಲ್ಬೆ ನದಿಯ ಬಾಯಿ ಇತ್ತು. ಇಪ್ಪತ್ತು ವರ್ಷ ಮಾಡಿದ್ದನ್ನೇ ಕೈ ಮಾಡಿತ್ತು. ನಾನು ಹ್ಯಾಂಬರ್ಗಿನಿಂದ ಶುರುಮಾಡಿದ್ದೆ.

ಪಕ್ಕದ ಕೋಣೆಯಿಂದ ಉಪ್ಪುಕಾಗದದ ಸದ್ದು ಬರುತ್ತಿತ್ತು. ಅವನಿಗೆ ಹೇಳದೆ ಇರಬಹುದೇ ಎಂದು ಒಂದು ಕ್ಷಣ ಅನಿಸಿತು. ಕರೆದೆ.

"ಮಾಮ, ಹ್ಯಾಂಬರ್ಗ್ ಹಚ್ಚಿಬಿಟ್ಟೆ."

ಅವನು ಕೈಯ ಬಿಳಿ ಪುಡಿಯನ್ನು ಏಪ್ರನ್‌ಗೆ ಒರೆಸಿಕೊಳ್ಳುತ್ತಾ ಬಂದ. "ಎಷ್ಟಾಯ್ತು?"

"ಮೂರು."

"ಬಿಡಿಸಕ್ಕಾಗಲ್ವಾ?"

"ಹರಿಯತ್ತೆ."

ಅವನು ಗೋಳವನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಮಕ್ಕಳಿಗೆ ಹುಷಾರಿಲ್ವಾ?"

"ಬೆಂಟೆಗೆ ಕಿವಿ."

"ಬೆಚ್ಚಗೆ ಉಪ್ಪಿನ ಗಂಟು ಇಡು," ಎಂದ. ಆಮೇಲೆ, "ಸರಿ, ಮುಂದಿಂದು ತಗೋ. ಅಂಟು ಆರ್ತಿದೆ."

ಉಳಿದ ಇಪ್ಪತ್ತೊಂದನ್ನು ಹಚ್ಚುವುದಕ್ಕೆ ಸಂಜೆ ನಾಲ್ಕಾಯಿತು. ಕಾಗದ ಹಿಗ್ಗದಿರಲಿ ಎಂದು ಅಂಟನ್ನು ತೆಳ್ಳಗೆ ಸವರಿದೆ, ಕೈ ಹಗುರ ಮಾಡಿದೆ. ಮಿಕ್ಕುವುದು ಮೂರರೊಳಗೆ ಉಳಿದರೆ ಚೂರಿ ಊರನ್ನು ಮುಟ್ಟದೆ ಹೋಗುತ್ತದೆ. ಸೆಮೆಸೆ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಪಟ್ಟಿಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಿದ್ದ. ಕೊನೆಯ ಪಟ್ಟಿಯನ್ನು ಎಡ ಅಂಚಿಗೆ ಸರಿಯಾಗಿ ಕೂರಿಸಿ, ಬಲಕ್ಕೆ ನೇವರಿಸಿ, ಅಳೆದೆ. ಐದು.

ಚೂರಿ ಕೈಯಲ್ಲಿತ್ತು. ಒದ್ದೆ ಕಾಗದ ಕಾಯುವುದಿಲ್ಲ.

"ಕೊಯ್ಯಬೇಡ," ಎಂದ ಸೆಮೆಸೆ. "ಹಾಗೇ ಮೇಲೆ ಕೂರಿಸು."

ಪಟ್ಟಿಯ ಮೇಲೆ ಪಟ್ಟಿ ಬರುವಂತಿಲ್ಲ ಎನ್ನುವುದೂ ನಮ್ಮ ಕಟ್ಟೇ. ವಾರ್ನಿಷ್ ಬಿದ್ದ ಮೇಲೆ ಅಲ್ಲಿ ಉಬ್ಬು ನಿಲ್ಲುತ್ತದೆ. ನಾನು ಟೀಡೆಮಾನರ ಕಾಗದವನ್ನು ನೆನಪಿಸಿದೆ. ಕೈಗೆ ತಾಕಿದರೆ ವಾಪಸು, ವಾಪಸು ಬಂದರೆ ಊರಿದ್ದೂ ಏನು ಬಂತು, ನಮ್ಮ ಕೋಣೆಯಲ್ಲಿ ನಿಂತಿರುತ್ತದೆ ಎಂದೆ.

"ಕೈಗೆ ತಾಕಬೇಕಾದ್ರೆ ಅಲ್ಲಿ ಕೈ ಇಡಬೇಕಲ್ಲ," ಎಂದ. ಆಮೇಲೆ ನಮ್ಮಪ್ಪನ ಗಂಟಲನ್ನೇ ತೆಗೆದು, ನನ್ನ ಹೆಸರು ಹಿಡಿದು, "ಅಲ್ಲಿ ಬರೀ ನೀರು ವಿಬ್ಕೆ, ಯಾರು ನೋಡ್ತಾರೆ?"

ಇನ್ನೊಂದು ತೊಡಕಿತ್ತು. ಮಿಕ್ಕಿದ ಐದು ಮಿಲಿಮೀಟರ್ ಪಕ್ಕದ ಪಟ್ಟಿಯನ್ನು ಮುಚ್ಚುತ್ತದೆ. ಅಲ್ಲೇನಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಭೂತಗನ್ನಡಿಯಲ್ಲಿ ನೋಡಿದ್ದೆವಲ್ಲ. ಫಿಜಿಯ ಟವೆಯುನಿ ದ್ವೀಪ ಸರಿಯಾಗಿ ಅಂಚಿನ ಮೇಲೇ ಕೂತಿದೆ, ಅರ್ಧ ಈ ಪಟ್ಟಿಯಲ್ಲಿ, ಅರ್ಧ ಆ ಪಟ್ಟಿಯಲ್ಲಿ. ಅದು ಲೈಸಾಳ ತವರು. ಸೆಮೆಸೆ ಫೋನ್ ತೆಗೆದು ಹೆಂಡತಿಗೆ ಮಾಡಿದ. ನನಗೂ ಕೇಳಲಿ ಎಂದು ಬೆಂಚಿನ ಮೇಲಿಟ್ಟ. ವಿಷಯ ಹೇಳಿದ.

"ಯಾವ ಅರ್ಧ ಮುಚ್ಚತ್ತೆ?" ಎಂದು ಕೇಳಿದಳು ಲೈಸಾ.

"ಮೂಡಲ ಕಡೇದು."

"ನಮ್ಮನೆ ಇದ್ದಿದ್ದು ಮೂಡಲಿಗೇ."

"ಗೊತ್ತು. ಅದಕ್ಕೇ ಕೇಳ್ತಿರೋದು."

ಆ ಕಡೆ ಪಾತ್ರೆಯ ಸದ್ದಾಯಿತು. ನಾನು ಒದ್ದೆ ಅಂಚನ್ನು ಬೆರಳಲ್ಲಿ ಎತ್ತಿ ಹಿಡಿದೇ ಇದ್ದೆ.

"ಮುಚ್ಚು," ಎಂದಳು. "ಹೋಗ್ತಿರೋದೂ ನಿನ್ನೂರಿಗೇ ತಾನೆ. ಆದರೆ ಕೇಳಿಸ್ಕೋ, ಅಲ್ಲಿ ಹೋದ ಮೇಲೆ ಮೀನು ಹೆರೆಯೋದು ನೀನು. ನಿಮ್ಮಕ್ಕ ಬಂದು ಕೂತ್ಕೊಂಡ್ರೂ ನೀನೇ."

"ಆಯ್ತು."

"ವಿಬ್ಕೆ ಕೇ​ಳಿಸ್ಕೊಂಡ್ಲಾ?"

"ಕೇಳಿಸ್ಕೊಂಡೆ ಅತ್ತೆ," ಎಂದು ಅಂಚನ್ನು ಕೆಳಗಿಳಿಸಿ ನೇವರಿಸಿದೆ.

ಆಮೇಲಿನ ನಾಲ್ಕು ವಾರ ಬಣ್ಣ, ವಾರ್ನಿಷ್, ಮತ್ತೆ ವಾರ್ನಿಷ್. ಏಳು ಸಲ ಬಳಿದು ಏಳು ಸಲ ತಿಕ್ಕಿದೆವು. ಉಬ್ಬು ತಗ್ಗಿತು, ಹೋಗಲಿಲ್ಲ. ಕಣ್ಣಿಗೆ ಕಾಣುತ್ತಿರಲಿಲ್ಲ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಉಗುರಿನ ಅಂಚಿನಷ್ಟು ಸಿಗುತ್ತಿತ್ತು. ಅದರ ಎಡಕ್ಕೆ ಫುನಾಫುಟಿ, ಚುಕ್ಕೆ ಮತ್ತು ರೋಮನ್ ಲಿಪಿಯ ಎಂಟೂ ಅಕ್ಷರ.

ಫೆಬ್ರವರಿ ಇಪ್ಪತ್ತಾರು, ಮಂಗಳವಾರ, ಹೊಸ ಆಫೀಸಿಗೆ ಒಯ್ದೆವು. ಕಾಲುಗಳನ್ನು ನಾನು ಹೊತ್ತೆ, ಗೋಳವನ್ನು ಸೆಮೆಸೆ ಮಗುವಿನ ಹಾಗೆ ಅಪ್ಪಿಕೊಂಡು ಲಿಫ್ಟ್ ಹತ್ತಿದ. ಮೂವತ್ತು ವರ್ಷದ ಹಿಂದೆ ನಕ್ಕಿದ್ದವರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಟೀಡೆಮಾನ್ ನನಗಿಂತ ಚಿಕ್ಕವರು. ಕಿಟಕಿಯ ಪಕ್ಕ ಜೋಡಿಸಿ ನಿಲ್ಲಿಸಿದ ಕೂಡಲೇ ಅವರು ಬಂದು ಎಲ್ಲರಂತೆ ಹ್ಯಾಂಬರ್ಗಿನ ಮೇಲೆ ಬೆರಳಿಟ್ಟರು. ತಲೆಯಾಡಿಸಿದರು. ನಾನು ರಸೀದಿ ಪುಸ್ತಕ ತೆಗೆದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಅಂಗೈ ಇಟ್ಟು ಗೋಳವನ್ನು ನಿಧಾನ ಒಂದು ಸುತ್ತು ತಿರುಗಿಸಿದರು. ಅರ್ಧ ಸುತ್ತಿನಲ್ಲಿ ಕೈ ನಿಂತಿತು.

"ಇಲ್ಲೇನೋ ತಾಕ್ತಿದೆ."

ನಾನು ಬಾಯಿ ತೆರೆಯುವ ಮೊದಲೇ ಸೆಮೆಸೆ ಹೇಳಿದ: "ಅದು ನನ್ನೂರು, ಸಾರ್."

ಟೀಡೆಮಾನ್ ಜೇಬಿನಿಂದ ಕನ್ನಡಕ ತೆಗೆದು, ಬಗ್ಗಿ, ಮಗು ಓದುವ ಹಾಗೆ ಬಿಡಿಸಿ ಓದಿದರು. "ಎಷ್ಟು ಜನ ಇದ್ದಾರೆ ಅಲ್ಲಿ?"

"ಆರು ಸಾವಿರ ಚಿಲ್ಲರೆ. ಮುಂದಿನ ವಾರದಿಂದ ಇನ್ನಿಬ್ಬರು ಜಾಸ್ತಿ."

ಅವರು ನಗಲಿಲ್ಲ. ಇದನ್ನು ತಿಕ್ಕಿ ಸಮ ಮಾಡಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದರು. ಆಗುತ್ತದೆ, ಆದರೆ ಊರು ಹೋಗುತ್ತದೆ ಎಂದೆ. ನಡೆದ ತಪ್ಪು ನನ್ನದು ಎಂದೂ ಹೇಳಿದೆ. ಹ್ಯಾಂಬರ್ಗಿನಿಂದ ಶುರುಮಾಡಬಾರದಿತ್ತು ಎಂದಾಗ ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಗಡಿಯಾರ ನೋಡಿಕೊಂಡರು. ನಿರ್ದೇಶಕರು ಎರಡು ಗಂಟೆಗೆ ಬರುವವರಿದ್ದರು, ಕಿಟಕಿಯ ಪಕ್ಕದ ಆ ಜಾಗ ಖಾಲಿ ಇರುವಂತಿರಲಿಲ್ಲ.

"ಆ ಕಡೆ ಗೋಡೆಗೆ ಇರಲಿ," ಎಂದು ಗೋಳವನ್ನು ತಿರುಗಿಸಿ, ಯುರೋಪನ್ನು ಬಾಗಿಲಿಗೆ ಎದುರು ಮಾಡಿ, ರಸೀದಿಗೆ ಸಹಿ ಹಾಕಿದರು. ಗೋಳ ನಿಲ್ಲಿಸಿದ ಕಡೆ ನಿಂತಿತು.

ಲಿಫ್ಟಿನಲ್ಲಿ ನಾನು ಸೆಮೆಸೆಗೆ, ಗೋಡೆಗೆ ಮುಖ ಹಾಕಿಬಿಟ್ಟರಲ್ಲ ಮಾಮ, ಎಂದೆ.

"ಗ್ಲೋಬು ತಾನೇ," ಎಂದ. "ಕಾಯೋರು ಬಂದ್ರೆ ತಿರುಗಿಸ್ತಾರೆ."

ಶುಕ್ರವಾರ ಸೆಮೆಸೆಯೂ ಲೈಸಾಳೂ ಹೊರಟರು. ಆ ವಾರದ ಡಬ್ಬಿಯನ್ನು ನಾನೇ ಖಾಲಿ ಮಾಡಿದೆ.

ಅಪ್ಪ ಕೊಟ್ಟ ಮಾತು ನಡೆಯಿತು, ಅವನ ದುಡಿಮೆ ಮುಗಿಯಲು ಎರಡು ದಿನ ಉಳಿದಿರುವಾಗ.